ಗಾಳಿಯಲ್ಲಿನ ಬೀಜಾಣು ಮತ್ತು ಧೂಳಿನ ಕಣಗಳನ್ನು ಅಳೆಯುವ ಉಪಕರಣಗಳು: ಫಲಿತಾಂಶವನ್ನು ನಂಬುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಪೀಠಿಕೆ

ಬೆಳೆಗಳಿಗೆ ರೋಗ ತರುವ ಶಿಲೀಂಧ್ರಗಳ ಬೀಜಾಣುಗಳನ್ನು ಗಾಳಿಯಲ್ಲಿಯೇ ಹಿಡಿದು, ಸೂಕ್ಷ್ಮದರ್ಶಕದಲ್ಲಿ ಎಣಿಸಿ, ರೋಗದ ಲಕ್ಷಣಗಳು ಕಾಣುವುದಕ್ಕೆ ಮೊದಲೇ ಎಚ್ಚರಿಕೆ ಪಡೆಯಲು ಬೀಜಾಣು ಸಂಗ್ರಾಹಕಗಳನ್ನು ಬಳಸಲಾಗುತ್ತದೆ. ಸ್ಪೋರ್ ಟ್ರ್ಯಾಪ್ ಎಂಬ ಹೆಸರಿನಿಂದಲೂ ಇವು ಪರಿಚಿತವಾಗಿವೆ. ಕೋಳಿಮನೆ, ಅಕ್ಕಿ ಗಿರಣಿ ಹಾಗೂ ಉಗ್ರಾಣಗಳಲ್ಲಿ ಧೂಳಿನ ಪ್ರಮಾಣ ತಿಳಿಯಲು ಲೇಸರ್ ಬೆಳಕಿನಿಂದ ಕೆಲಸ ಮಾಡುವ ಸಣ್ಣ ಕಣಮಾಪಕಗಳೂ ಈಗ ಕಡಿಮೆ ಬೆಲೆಗೆ ದೊರೆಯುತ್ತಿವೆ. ಈ ಉಪಕರಣಗಳು ನೀಡುವ ಅಂಕಿಯನ್ನು ಆಧರಿಸಿ ಔಷಧಿ ಸಿಂಪಡಿಸಬೇಕೇ ಬೇಡವೇ ಎಂದು ನಿರ್ಧರಿಸುವ ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ಒಂದು ಮುಖ್ಯ ಸಂಗತಿಯನ್ನು ಗಮನದಲ್ಲಿಡಬೇಕು. ಗಾಳಿಯಲ್ಲಿ ಬೀಜಾಣುಗಳು ಇಲ್ಲದಿದ್ದರೆ ಉಪಕರಣವು ಸೊನ್ನೆ ತೋರಿಸುತ್ತದೆ. ಉಪಕರಣ ಕೆಟ್ಟು ನಿಂತಿದ್ದರೂ ಅದು ಸೊನ್ನೆಯನ್ನೇ ತೋರಿಸುತ್ತದೆ. ಈ ಎರಡು ಸೊನ್ನೆಗಳು ನೋಡಲು ಒಂದೇ ಆಗಿದ್ದರೂ ಅವುಗಳ ಪರಿಣಾಮ ಒಂದೇ ಅಲ್ಲ.

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ದ್ರಾಕ್ಷಿ ತೋಟಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಕ್ಟೋಬರ್ ಚಾಟನಿಯ ನಂತರ ಎಳೆ ಚಿಗುರು ಹಾಗೂ ಹೂಗೊಂಚಲು ಇರುವ ಹಂತದಲ್ಲಿ ಮಳೆ ಬಂದು ಎಲೆ ತೇವವಾಗಿ ಉಳಿದರೆ, ರೈತರು ಡೌನಿ ಎಂದೇ ಕರೆಯುವ ಬೂಜು ತುಪ್ಪಟ ರೋಗವು ಕೆಲವೇ ದಿನಗಳಲ್ಲಿ ಗೊಂಚಲುಗಳನ್ನು ಹಾಳುಮಾಡಬಲ್ಲದು. ಕೆಟ್ಟ ಉಪಕರಣದ ಸೊನ್ನೆಯನ್ನು ನಂಬಿ ಸಿಂಪರಣೆ ಬಿಟ್ಟರೆ ಇಡೀ ಹಂಗಾಮಿನ ಫಸಲು ಕೈತಪ್ಪಬಹುದು. ಇದಕ್ಕೆ ವಿರುದ್ಧವಾಗಿ, ಮಲಿನವಾದ ಸ್ಲೈಡಿನ ಸುಳ್ಳು ಏರಿಕೆಯನ್ನು ನಂಬಿ ಅನಗತ್ಯವಾಗಿ ಸಿಂಪಡಿಸಿದರೆ ಖರ್ಚು ಹೆಚ್ಚುವುದಲ್ಲದೆ, ಹಣ್ಣಿನಲ್ಲಿ ಔಷಧಿಯ ಶೇಷಾಂಶ ಉಳಿದು ರಫ್ತಿಗೆ ತೊಡಕಾಗಬಹುದು. ಆದ್ದರಿಂದ ಗಾಳಿಯನ್ನು ಅಳೆಯುವ ಮೊದಲು ಅಳೆಯುವ ಉಪಕರಣವನ್ನೇ ಪರೀಕ್ಷಿಸುವುದು ಅವಶ್ಯಕ. ಈ ಲೇಖನದಲ್ಲಿ ಹೇಳಿರುವ ಹೆಚ್ಚಿನ ಪರೀಕ್ಷೆಗಳನ್ನು ಊದಿನಕಡ್ಡಿ, ಅಳತೆಪಟ್ಟಿ, ಗಡಿಯಾರ ಮತ್ತು ಸಾಮಾನ್ಯ ಸೂಕ್ಷ್ಮದರ್ಶಕ ಇವುಗಳಿಂದಲೇ ಮಾಡಬಹುದು.

ಯಾವ ರೋಗಕ್ಕೆ ಈ ಉಪಕರಣ ಉಪಯುಕ್ತ?

ಎಲ್ಲ ರೋಗಗಳೂ ಗಾಳಿಯ ಮೂಲಕ ದೂರ ಸಾಗುವುದಿಲ್ಲ. ಗೋಧಿ ಮತ್ತು ಶೇಂಗಾ ಬೆಳೆಗಳ ತುಕ್ಕು ರೋಗ, ಭತ್ತದ ಬೆಂಕಿ ರೋಗ, ದ್ರಾಕ್ಷಿಯ ಬೂದಿ ರೋಗ ಹಾಗೂ ಬೂಜು ತುಪ್ಪಟ ರೋಗ, ಆಲೂಗಡ್ಡೆಯ ಕೊನೆ ಅಂಗಮಾರಿ ರೋಗ ಇವುಗಳ ಬೀಜಾಣುಗಳು ಗಾಳಿಯಲ್ಲಿ ತೇಲಿ ಹರಡುತ್ತವೆ. ಉತ್ತರ ಭಾರತದ ಬಯಲಿನಲ್ಲಿ ಬೇಸಿಗೆಯ ಬಿಸಿಲಿಗೆ ಗೋಧಿಯ ತುಕ್ಕು ಶಿಲೀಂಧ್ರ ಉಳಿಯಲಾರದು, ಅದು ಬೆಟ್ಟ ಪ್ರದೇಶಗಳಲ್ಲಿ ಉಳಿದುಕೊಂಡು ಪ್ರತಿ ವರ್ಷ ಗಾಳಿಯ ಮೂಲಕ ಬಯಲಿಗೆ ಇಳಿಯುತ್ತದೆ ಎಂಬುದನ್ನು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕೆ. ಸಿ. ಮೆಹ್ತಾ ಅವರು ತಮ್ಮ ದೀರ್ಘ ಅಧ್ಯಯನದಿಂದ ತೋರಿಸಿಕೊಟ್ಟರು. ದಕ್ಷಿಣದಲ್ಲಿ ನೀಲಗಿರಿ ಬೆಟ್ಟಗಳು ಇಂತಹ ಒಂದು ಮೂಲವಾಗಿವೆ.

ಅಡಿಕೆಯ ಕೊಳೆರೋಗದ ಸ್ವಭಾವ ಬೇರೆ. ಅದರ ರೋಗಾಣುಗಳು ಮುಖ್ಯವಾಗಿ ಮಳೆಹನಿಯ ಚಿಮ್ಮುವಿಕೆ ಹಾಗೂ ಗಾಳಿಮಳೆಯ ತುಂತುರಿನೊಂದಿಗೆ ಹರಡುತ್ತವೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅವರು 1910ರಲ್ಲಿ ಈ ರೋಗದ ಕುರಿತು ವರದಿ ಪ್ರಕಟಿಸಿದರು. ಮಳೆಗಾಲ ಆರಂಭವಾಗುವ ಮೊದಲೇ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದೇ ಇಂದಿಗೂ ಇದರ ಮುಖ್ಯ ಮುಂಜಾಗ್ರತಾ ಕ್ರಮವಾಗಿದೆ. ಅಡಿಕೆ ತೋಟದಲ್ಲಿ ಬೀಜಾಣು ಸಂಗ್ರಾಹಕವು ಸೊನ್ನೆ ತೋರಿಸಿತೆಂದು ಸಿಂಪರಣೆಯನ್ನು ಮುಂದೂಡುವುದು ಸರಿಯಲ್ಲ. ಉಪಕರಣ ಸುಸ್ಥಿತಿಯಲ್ಲಿದ್ದರೂ ಅದು ಆ ರೋಗಕ್ಕೆ ತಕ್ಕ ಉಪಕರಣವಲ್ಲ.

ಉಪಕರಣಗಳ ವಿಧಗಳು ಮತ್ತು ಕೆಲಸ ಮಾಡುವ ಬಗೆ

1. ಹೀರು ಸಂಗ್ರಾಹಕ: ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಜೆ. ಎಂ. ಹರ್ಸ್ಟ್ ಅವರು 1952ರಲ್ಲಿ ವಿವರಿಸಿದ ಮಾದರಿಯನ್ನು ಇದು ಆಧರಿಸಿದೆ. ಪಂಪು ನಿಮಿಷಕ್ಕೆ 10 ಲೀಟರ್ ಗಾಳಿಯನ್ನು 14 ಮಿ.ಮೀ. ಉದ್ದ ಮತ್ತು 2 ಮಿ.ಮೀ. ಅಗಲದ ಸೀಳುಕಿಂಡಿಯ ಮೂಲಕ ಒಳಗೆ ಎಳೆಯುತ್ತದೆ. ಕಿಂಡಿಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 6 ಮೀಟರ್ ಇರುತ್ತದೆ. ಎದುರಿಗಿರುವ ಅಂಟುಪಟ್ಟಿಯ ಬಳಿ ಗಾಳಿ ತಿರುಗಿ ಹೋಗುತ್ತದೆ, ಭಾರವಾದ ಬೀಜಾಣು ತಿರುಗಲಾರದೆ ಪಟ್ಟಿಗೆ ಬಡಿದು ಅಂಟಿಕೊಳ್ಳುತ್ತದೆ. ಪಟ್ಟಿಯನ್ನು ಸುತ್ತಿರುವ ಡ್ರಮ್ ಗಂಟೆಗೆ 2 ಮಿ.ಮೀ.ನಂತೆ ತಿರುಗುವುದರಿಂದ ಯಾವ ಗಂಟೆಯಲ್ಲಿ ಎಷ್ಟು ಬೀಜಾಣು ಬಂದವು ಎಂಬುದು ತಿಳಿಯುತ್ತದೆ.

2. ತಿರುಗು ಕಡ್ಡಿ ಸಂಗ್ರಾಹಕ: ಅಂಟು ಸವರಿದ ಎರಡು ತೆಳು ಕಡ್ಡಿಗಳನ್ನು ಚಿಕ್ಕ ಮೋಟಾರು ವೇಗವಾಗಿ ತಿರುಗಿಸುತ್ತದೆ. ನಿಮಿಷಕ್ಕೆ 2400 ಸುತ್ತು ಸಾಮಾನ್ಯ ವೇಗ. ಬ್ಯಾಟರಿಯಿಂದ ನಡೆಯುವುದರಿಂದ ಹೊಲದಲ್ಲಿ ಬಳಸಲು ಅನುಕೂಲ.

3. ಲೇಸರ್ ಕಣಮಾಪಕ: ಒಳಗೆ ಬಂದ ಕಣಗಳು ಚದುರಿಸುವ ಬೆಳಕನ್ನು ಅಳೆದು ಪಿಎಂ 2.5, ಪಿಎಂ 10 ಎಂಬ ಅಂಕಿಗಳನ್ನು ತೋರಿಸುತ್ತದೆ. ಇದು ಕಣದ ಇರುವಿಕೆಯನ್ನು ಹೇಳುತ್ತದೆಯೇ ಹೊರತು, ಕಣ ಬೀಜಾಣುವೋ ಧೂಳೋ ಹೊಗೆಯೋ ಎಂಬುದನ್ನು ಹೇಳುವುದಿಲ್ಲ.

ಹೀರು ಸಂಗ್ರಾಹಕದ ಪರೀಕ್ಷೆಗಳು

1. ವಿದ್ಯುತ್ ಪೂರೈಕೆಯ ಪರಿಶೀಲನೆ

ಹೊಲದಲ್ಲಿ ಕಂಡುಬರುವ ಬಹಳಷ್ಟು ದೋಷಗಳ ಮೂಲ ಇಲ್ಲಿಯೇ ಇರುತ್ತದೆ. ಉಪಕರಣವನ್ನು ನೀರಾವರಿ ಪಂಪ್‌ಸೆಟ್ಟಿನ ಲೈನಿಗೆ ಜೋಡಿಸಿದ್ದರೆ, ಆ ಲೈನಿನಲ್ಲಿ ವಿದ್ಯುತ್ ಇರುವ ಕೆಲವು ಗಂಟೆಗಳು ಮಾತ್ರ ಪಂಪು ಗಾಳಿಯನ್ನು ಎಳೆಯುತ್ತದೆ. ಆದರೆ ಡ್ರಮ್ ಕೀಲಿ ಗಡಿಯಾರದಿಂದ ನಡೆಯುವುದಾದರೆ ಅದು ವಿದ್ಯುತ್ ಇಲ್ಲದಿದ್ದರೂ ತಿರುಗುತ್ತಲೇ ಇರುತ್ತದೆ. ವಾರದ ಕೊನೆಯಲ್ಲಿ ತೆಗೆದ ಪಟ್ಟಿ ಅಳತೆಯಲ್ಲಿ ಸರಿಯಾಗಿಯೇ ಕಾಣುತ್ತದೆ, ಆದರೆ ಅದರ ಅನೇಕ ಭಾಗಗಳಲ್ಲಿ ಗಾಳಿಯೇ ಬಡಿದಿರುವುದಿಲ್ಲ. ಭತ್ತದ ಬೆಂಕಿ ರೋಗದ ಬೀಜಾಣುಗಳು ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ಬಿಡುಗಡೆಯಾಗುತ್ತವೆ. ದ್ರಾಕ್ಷಿಯ ಬೂಜು ತುಪ್ಪಟ ರೋಗದ ಶಿಲೀಂಧ್ರವು ತೇವವಿರುವ ರಾತ್ರಿಯಲ್ಲಿ ಬೀಜಾಣುಗಳನ್ನು ಬೆಳೆಸಿ ಬೆಳಗಿನ ಹೊತ್ತು ಬಿಡುಗಡೆ ಮಾಡುತ್ತದೆ. ರಾತ್ರಿಯ ವಿದ್ಯುತ್ ಕಡಿತ ಎಂದರೆ ಮುಖ್ಯವಾದ ಗಂಟೆಗಳೇ ಕೈಬಿಟ್ಟುಹೋದಂತೆ. ಆದ್ದರಿಂದ ಸೌರಫಲಕ ಮತ್ತು ಬ್ಯಾಟರಿಯ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳಿರಿ. ಪಂಪಿನ ಜೊತೆಗೆ, ಅದು ಓಡಿದ ಗಂಟೆಗಳನ್ನು ಮಾತ್ರ ದಾಖಲಿಸುವ ಗಂಟೆಮಾಪಕವನ್ನು ಜೋಡಿಸಿರಿ. ಏಳು ದಿನಕ್ಕೆ 168 ಗಂಟೆ ಇರಬೇಕಾದಲ್ಲಿ 110 ಮಾತ್ರ ಇದ್ದರೆ, 58 ಗಂಟೆಗಳ ಮಾಹಿತಿ ಇಲ್ಲವೆಂದೇ ಅರ್ಥ.

2. ಸೋರಿಕೆ ಪರೀಕ್ಷೆ

ಡ್ರಮ್ ಕೋಣೆಯ ಮುಚ್ಚಳದ ರಬ್ಬರ್ ಪಟ್ಟಿ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆಗ ಗಾಳಿ ಕಿಂಡಿಯಿಂದ ಬರುವ ಬದಲು ಬಿರುಕಿನಿಂದ ನುಗ್ಗುತ್ತದೆ. ಪಂಪಿನ ಸದ್ದು ಎಂದಿನಂತೆಯೇ ಇರುವುದರಿಂದ ದೋಷ ಗೊತ್ತಾಗುವುದಿಲ್ಲ. ಗಾಳಿಯಾಡದ ಕೋಣೆಯಲ್ಲಿ ಪಂಪನ್ನು ಚಾಲೂ ಮಾಡಿ, ಸೀಳುಕಿಂಡಿಯನ್ನು ಅಂಟುಟೇಪಿನಿಂದ ಪೂರ್ತಿ ಮುಚ್ಚಿರಿ. ಹೊತ್ತಿಸಿದ ಊದಿನಕಡ್ಡಿಯನ್ನು ಮುಚ್ಚಳದ ಅಂಚು, ಕೊಳವೆಯ ಜೋಡಣೆ ಮತ್ತು ತಿರುಗುವ ತಲೆಯ ಬುಡದ ಸುತ್ತ ನಿಧಾನವಾಗಿ ಒಯ್ಯಿರಿ. ಹೊಗೆ ಎಲ್ಲಿ ಒಳಕ್ಕೆ ಸೆಳೆಯಲ್ಪಡುತ್ತದೆಯೋ ಅಲ್ಲಿ ಸೋರಿಕೆ ಇದೆ. ರಬ್ಬರ್ ಪಟ್ಟಿಯನ್ನು ಬದಲಿಸಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿರಿ. ನಂತರ ಟೇಪನ್ನು ತೆಗೆದು ಹೊಗೆಯನ್ನು ಕಿಂಡಿಯ ಮುಂದೆ ಹಿಡಿದಾಗ ಅದು ನೇರವಾಗಿ ಒಳಗೆ ಹೋಗಬೇಕು.

3. ಗಾಳಿಯ ಹರಿವಿನ ಪರೀಕ್ಷೆ

ಎಲ್ಲ ಲೆಕ್ಕವೂ ನಿಮಿಷಕ್ಕೆ 10 ಲೀಟರ್ ಎಂಬ ಅಂಕಿಯ ಮೇಲೆ ನಿಂತಿದೆ. ಹರಿವನ್ನು ರೋಟಾಮೀಟರ್ ಎಂಬ ಗಾಜಿನ ಕೊಳವೆಯಿಂದ ಅಳೆಯಲಾಗುತ್ತದೆ. ಅದನ್ನು ಕಿಂಡಿಗೆ ಸೋರದಂತೆ ಜೋಡಿಸಿ, ಲಂಬವಾಗಿ ಹಿಡಿದು, ಒಳಗಿನ ಗುಂಡು ಸ್ಥಿರವಾದ ಮೇಲೆ ಓದಬೇಕು. ಈ ಕೆಳಗಿನ ಅಂಶಗಳನ್ನು ಗಮನಿಸಿರಿ.

• ಡ್ರಮ್ ಮತ್ತು ಪಟ್ಟಿಯನ್ನು ಒಳಗಿಟ್ಟು, ಮುಚ್ಚಳ ಹಾಕಿಯೇ ಹರಿವನ್ನು ಅಳೆಯಬೇಕು. ಖಾಲಿ ಕೋಣೆಯ ಹರಿವು ಬೇರೆಯಾಗಿರಬಹುದು.

• ರೋಟಾಮೀಟರ್ ಕೂಡ ಗಾಳಿಗೆ ಅಡ್ಡಿ ಒಡ್ಡುತ್ತದೆ. ಕಿರಿದಾದ ಕೊಳವೆಯ ಮಾಪಕವನ್ನು ಜೋಡಿಸಿದಾಗ ಹರಿವೇ ಕಡಿಮೆಯಾಗಿ, ಅದನ್ನು 10ಕ್ಕೆ ಸರಿಹೊಂದಿಸಿ ಮಾಪಕ ತೆಗೆದ ಮೇಲೆ ನಿಜವಾದ ಹರಿವು 10ಕ್ಕಿಂತ ಹೆಚ್ಚಾಗಿರುತ್ತದೆ. ಅಡ್ಡಿ ಕಡಿಮೆ ಇರುವ ಮಾಪಕವನ್ನೇ ಬಳಸಿರಿ.

• ಸಮುದ್ರಮಟ್ಟದಲ್ಲಿ ಅಳತೆ ಹೊಂದಿಸಿದ ರೋಟಾಮೀಟರ್, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಂತಹ ಸ್ಥಳದಲ್ಲಿ ನಿಜವಾದ ಹರಿವಿಗಿಂತ ಸುಮಾರು ಶೇ. 5ರಷ್ಟು ಕಡಿಮೆ ತೋರಿಸುತ್ತದೆ. ಗಾಳಿಯ ಸಾಂದ್ರತೆ ಕಡಿಮೆ ಇರುವುದೇ ಇದಕ್ಕೆ ಕಾರಣ.

• ಪ್ರಯೋಗಾಲಯದಲ್ಲಿ ಸಾಬೂನು ಪೊರೆಯ ಮಾಪಕವಿದ್ದರೆ, ವರ್ಷಕ್ಕೊಮ್ಮೆ ರೋಟಾಮೀಟರನ್ನು ಅದರೊಂದಿಗೆ ಹೋಲಿಸಿರಿ. ನಿಮಿಷಕ್ಕೆ 10 ಲೀಟರ್ ಹರಿವಿನಲ್ಲಿ ಪೊರೆಯು ಒಂದು ಲೀಟರ್ ದೂರವನ್ನು 6 ಸೆಕೆಂಡಿನಲ್ಲಿ ದಾಟಬೇಕು.

ನಿಮಿಷಕ್ಕೆ 9ರಿಂದ 11 ಲೀಟರಿನೊಳಗೆ ಹರಿವು ಇದ್ದರೆ ಹೊಲದ ಬಳಕೆಗೆ ಅದನ್ನು ಒಪ್ಪಬಹುದು. ಇದಕ್ಕಿಂತ ಕಡಿಮೆಯಾದರೆ ಎರಡು ತೊಂದರೆಗಳಿವೆ. ಮೊದಲನೆಯದಾಗಿ, ಒಳಗೆ ಬರುವ ಗಾಳಿಯೇ ಕಡಿಮೆ. ಎರಡನೆಯದಾಗಿ, ಕಿಂಡಿಯಲ್ಲಿ ವೇಗ ತಗ್ಗಿ ಸಣ್ಣ ಬೀಜಾಣುಗಳು ಪಟ್ಟಿಗೆ ಬಡಿಯದೆ ಗಾಳಿಯೊಂದಿಗೆ ಪಾರಾಗುತ್ತವೆ.

4. ಗಾಳಿಯತ್ತ ತಿರುಗುವಿಕೆ

ಬಾಲದ ರೆಕ್ಕೆಯು ಕಿಂಡಿಯನ್ನು ಸದಾ ಗಾಳಿ ಬೀಸುವ ದಿಕ್ಕಿಗೆ ತಿರುಗಿಸಬೇಕು. ತಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರೆ ತಡೆಯಿಲ್ಲದೆ ಪೂರ್ತಿ ಸುತ್ತು ತಿರುಗಬೇಕು. ಬೇರಿಂಗಿನಲ್ಲಿ ಧೂಳು ತುಂಬಿದ್ದರೆ ಅಥವಾ ಕಣಜ ಗೂಡು ಕಟ್ಟಿದ್ದರೆ ಕಿಂಡಿಯು ಗಾಳಿಗೆ ಬೆನ್ನು ಹಾಕಿ ನಿಲ್ಲುತ್ತದೆ. ಕಿಂಡಿಯಲ್ಲಿ ಜೇಡರ ಬಲೆ ಇದೆಯೇ ಎಂಬುದನ್ನು ಪ್ರತಿ ದಿನ ನೋಡಿರಿ.

5. ಡ್ರಮ್ಮಿನ ಗಡಿಯಾರ

ಪಟ್ಟಿ ಹಾಕಿದ ಕೂಡಲೇ ಕಿಂಡಿಯ ಎದುರಿಗೆ ಸೂಜಿಯಿಂದ ಒಂದು ಗೆರೆ ಎಳೆಯಿರಿ. ಸರಿಯಾಗಿ 24 ಗಂಟೆಗಳ ನಂತರ ಮತ್ತೊಂದು ಗೆರೆ ಎಳೆದು ಅಂತರವನ್ನು ಅಳೆಯಿರಿ. ಅದು 48 ಮಿ.ಮೀ. ಇರಬೇಕು. 44 ಮಿ.ಮೀ. ಇದ್ದರೆ ಡ್ರಮ್ ದಿನಕ್ಕೆ ಎರಡು ಗಂಟೆ ಹಿಂದೆ ಬೀಳುತ್ತಿದೆ ಎಂದರ್ಥ. ವಾರ ಕಳೆಯುವಷ್ಟರಲ್ಲಿ ಹಗಲು ಬಂದ ಬೀಜಾಣುಗಳು ರಾತ್ರಿಯ ಲೆಕ್ಕಕ್ಕೆ ಸೇರುತ್ತವೆ.

ತಿರುಗು ಕಡ್ಡಿ ಸಂಗ್ರಾಹಕದ ಪರೀಕ್ಷೆ

ಇಲ್ಲಿ ಗಾಳಿಯ ಹರಿವಿನ ಬದಲು ಕಡ್ಡಿಯ ವೇಗವೇ ಮುಖ್ಯ. ಕಡ್ಡಿಯ ಅಗಲ 1.5 ಮಿ.ಮೀ., ಉದ್ದ 25 ಮಿ.ಮೀ., ತಿರುಗುವ ವೃತ್ತದ ವ್ಯಾಸ 80 ಮಿ.ಮೀ. ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 2400 ಸುತ್ತಿನಲ್ಲಿ ಪ್ರತಿ ಕಡ್ಡಿಯೂ ಸುಮಾರು 603 ಮೀಟರ್ ದೂರ ಕ್ರಮಿಸುತ್ತದೆ, ಎರಡು ಕಡ್ಡಿಗಳು ಸೇರಿ ಸುಮಾರು 45 ಲೀಟರ್ ಗಾಳಿಯನ್ನು ಸವರುತ್ತವೆ. ಬ್ಯಾಟರಿ ಇಳಿದು ವೇಗವು 1800 ಸುತ್ತಿಗೆ ಬಂದರೆ ಸವರುವ ಗಾಳಿ 34 ಲೀಟರಿಗೆ ಇಳಿಯುತ್ತದೆ. ಕಣ್ಣಿಗೆ ಮಾತ್ರ ಕಡ್ಡಿಗಳು ಮೊದಲಿನಂತೆಯೇ ಸುತ್ತುತ್ತಿರುವಂತೆ ಕಾಣುತ್ತವೆ. ಆದ್ದರಿಂದ ಬೆಳಕು ಪ್ರತಿಫಲಿಸುವ ಸಣ್ಣ ಟೇಪನ್ನು ಅಂಟಿಸಿ, ವರ್ಕ್‌ಶಾಪುಗಳಲ್ಲಿ ಬಳಸುವ ಲೇಸರ್ ಟ್ಯಾಕೋಮೀಟರಿನಿಂದ ಸುತ್ತುಗಳನ್ನು ಅಳೆಯಿರಿ. ಬ್ಯಾಟರಿ ಪೂರ್ತಿ ತುಂಬಿರುವಾಗ ಒಮ್ಮೆ, ಮಾದರಿ ಸಂಗ್ರಹದ ಅವಧಿ ಮುಗಿಯುವಾಗ ಇನ್ನೊಮ್ಮೆ ಅಳೆಯುವುದು ಅವಶ್ಯಕ. ಕೊನೆಯ ಅಳತೆಯೇ ಹೆಚ್ಚು ಮುಖ್ಯವಾದುದು.

ಅಂಟಿನ ಪರೀಕ್ಷೆ ಮತ್ತು ಖಾಲಿ ಸ್ಲೈಡ್

ಪೆಟ್ರೋಲಿಯಂ ಜೆಲ್ಲಿಯನ್ನು ಅಂಟಾಗಿ ಬಳಸುವುದು ಸಾಮಾನ್ಯ. ಆದರೆ ಕಲಬುರಗಿ, ರಾಯಚೂರು, ವಿಜಯಪುರದ ಬೇಸಿಗೆಯಲ್ಲಿ ಉಪಕರಣದ ಒಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಕರಗಿ ಜಾರುತ್ತದೆ. ಅಲ್ಲಿ ಸಿಲಿಕೋನ್ ಗ್ರೀಸ್ ಹೆಚ್ಚು ಸೂಕ್ತ. ಅಂಟು ತೆಳುವಾಗಿ, ಎಲ್ಲೆಡೆ ಸಮನಾಗಿ ಇರಬೇಕು. ಮುಂಗಾರಿನ ಆರಂಭದ ಗಾಳಿಯಲ್ಲಿ ಧೂಳು ಪಟ್ಟಿಯನ್ನು ಪೂರ್ತಿ ಮುಚ್ಚಿದರೆ ನಂತರ ಬಂದ ಬೀಜಾಣು ಅಂಟದೆ ಪುಟಿದು ಹೋಗುತ್ತದೆ. ಅಂತಹ ದಿನಗಳಲ್ಲಿ ಪಟ್ಟಿ ಅಥವಾ ಸ್ಲೈಡನ್ನು ಪ್ರತಿ ದಿನ ಬದಲಿಸಿರಿ.

ಸುಳ್ಳು ಏರಿಕೆಯನ್ನು ಕಂಡುಹಿಡಿಯಲು ಖಾಲಿ ಸ್ಲೈಡ್ ಪರೀಕ್ಷೆ ಮಾಡಬೇಕು. ಅಂಟು ಸವರಿದ ಒಂದು ಸ್ಲೈಡನ್ನು ಡಬ್ಬಿಯಲ್ಲಿ ಹೊಲಕ್ಕೆ ಒಯ್ದು, ಗಾಳಿಗೆ ಒಡ್ಡದೆ ಮರಳಿ ತಂದು, ಉಳಿದ ಸ್ಲೈಡುಗಳಂತೆಯೇ ಬಣ್ಣ ಹಾಕಿ ಎಣಿಸಿರಿ. ಅದರಲ್ಲಿ ಬೀಜಾಣುಗಳು ಕಂಡುಬಂದರೆ ಅವು ಗಾಳಿಯಿಂದ ಬಂದವುಗಳಲ್ಲ. ಅಂಟಿನ ಡಬ್ಬಿ, ಬಣ್ಣದ ದ್ರಾವಣ ಅಥವಾ ರೋಗಪೀಡಿತ ಎಲೆ ಮುಟ್ಟಿದ ಕೈಯಿಂದ ಬಂದಿರುತ್ತವೆ.

ಉಪಕರಣ ನಿಜವಾಗಿ ಹಿಡಿಯುತ್ತಿದೆಯೇ? ಪರಾಗ ಪರೀಕ್ಷೆ

ಹರಿವು, ವೇಗ ಮತ್ತು ಅಂಟು ಎಲ್ಲವೂ ಸರಿಯಿದ್ದರೂ, ಗೊತ್ತಿರುವ ಕಣವೊಂದನ್ನು ಕೊಟ್ಟು ಅದು ಪಟ್ಟಿಯ ಮೇಲೆ ಸಿಗುತ್ತದೆಯೇ ಎಂದು ನೋಡುವುದೇ ಕೊನೆಯ ಸಾಕ್ಷಿ. ಇದಕ್ಕಾಗಿ ರೋಗಪೀಡಿತ ಎಲೆಗಳನ್ನು ತಂದು ಕೊಡವಬಾರದು. ಆರೋಗ್ಯವಂತ ತೋಟಕ್ಕೆ ರೋಗವನ್ನು ನಾವೇ ತಂದಂತಾಗುತ್ತದೆ. ಅದರ ಬದಲು ಮೆಕ್ಕೆಜೋಳದ ಪರಾಗವನ್ನು ಬಳಸಿರಿ.

• ಬೆಳಗಿನ ಹೊತ್ತು ಮೆಕ್ಕೆಜೋಳದ ಗಂಡು ಹೂಗೊಂಚಲನ್ನು ಕಾಗದದ ಮೇಲೆ ಕೊಡವಿ ಪರಾಗವನ್ನು ಸಂಗ್ರಹಿಸಿ, ಅಂದೇ ಬಳಸಿರಿ.

• ಕಿಂಡಿಯಿಂದ ಒಂದು ಅಡಿ ದೂರದಲ್ಲಿ, ಗಾಳಿ ಬರುವ ದಿಕ್ಕಿನಿಂದ ಒಂದು ಚಿಟಿಕೆ ಪರಾಗವನ್ನು ಉದುರಿಸಿ, ಸಮಯವನ್ನು ಬರೆದಿಡಿರಿ.

• ಪಟ್ಟಿಯನ್ನು ತೆಗೆದ ನಂತರ ಆ ಗಂಟೆಯ ಸ್ಥಾನದಲ್ಲಿ ಪರಾಗಕ್ಕಾಗಿ ಹುಡುಕಿರಿ. ಮೆಕ್ಕೆಜೋಳದ ಪರಾಗವು ಸುಮಾರು 80ರಿಂದ 100 ಮೈಕ್ರಾನ್ ಗಾತ್ರದ ದುಂಡು ಕಣವಾಗಿರುವುದರಿಂದ ಕಡಿಮೆ ವರ್ಧನೆಯಲ್ಲಿಯೇ ಕಾಣುತ್ತದೆ. ಅದರಲ್ಲಿ ಪಿಷ್ಟ ತುಂಬಿರುವುದರಿಂದ ಅಯೋಡಿನ್ ದ್ರಾವಣ ತಾಗಿದಾಗ ಕಡುನೀಲಿ ಬಣ್ಣಕ್ಕೆ ತಿರುಗುತ್ತದೆ.

ಪರಾಗವು ಸರಿಯಾದ ಸ್ಥಾನದಲ್ಲಿ ಸಿಕ್ಕರೆ ಹೀರುವಿಕೆ, ಅಂಟು ಹಾಗೂ ಗಡಿಯಾರ ಮೂರೂ ಕೆಲಸ ಮಾಡುತ್ತಿವೆ ಎಂದು ತಿಳಿಯಬಹುದು. ಆದರೆ ಇದು ದೊಡ್ಡ ಕಣ. ಸುಮಾರು 20 ಮೈಕ್ರಾನಿನ ಬೀಜಾಣುವನ್ನು ಉಪಕರಣ ಎಷ್ಟು ಸಮರ್ಥವಾಗಿ ಹಿಡಿಯುತ್ತದೆ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ.

ಇನ್ನೊಂದು ಸುಲಭ ಸಾಕ್ಷಿಯು ಪಟ್ಟಿಯ ಮೇಲೆಯೇ ಇರುತ್ತದೆ. ಕ್ಲಾಡೋಸ್ಪೋರಿಯಂ, ಆಲ್ಟರ್ನೇರಿಯಾ ಮುಂತಾದ ಸಾಮಾನ್ಯ ಶಿಲೀಂಧ್ರಗಳ ಬೀಜಾಣುಗಳು ಹಾಗೂ ಮಣ್ಣಿನ ಧೂಳು ಬಯಲಿನ ಗಾಳಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ದಿನವಿಡೀ ಓಡಿದ ಪಟ್ಟಿಯಲ್ಲಿ ರೋಗದ ಬೀಜಾಣು ಇಲ್ಲ, ಆದರೆ ಇವು ಇವೆ ಎಂದಾದರೆ ಆ ಸೊನ್ನೆಯನ್ನು ನಂಬಬಹುದು. ಇವೂ ಇಲ್ಲದೆ ಪಟ್ಟಿ ನಿರ್ಮಲವಾಗಿದ್ದರೆ, ಶುದ್ಧವಾಗಿರುವುದು ಗಾಳಿಯಲ್ಲ, ಕೆಟ್ಟಿರುವುದು ಉಪಕರಣ ಎಂದು ಮೊದಲು ಶಂಕಿಸಬೇಕು.

ಎಣಿಕೆ ಮತ್ತು ಲೆಕ್ಕ: ಒಂದು ಉದಾಹರಣೆ

ನಿಮಿಷಕ್ಕೆ 10 ಲೀಟರಿನಂತೆ ಗಂಟೆಗೆ 0.6 ಘನ ಮೀಟರ್ ಗಾಳಿ ಒಳಗೆ ಬರುತ್ತದೆ. ಒಂದು ಗಂಟೆಯ ಠೇವಣಿ ಪಟ್ಟಿಯ 2 ಮಿ.ಮೀ. ಅಗಲವನ್ನು ಆವರಿಸುತ್ತದೆ. ಸೂಕ್ಷ್ಮದರ್ಶಕದ ನೋಟದ ವ್ಯಾಸ 0.45 ಮಿ.ಮೀ. ಇದ್ದು, ಪಟ್ಟಿಯ ಅಡ್ಡಕ್ಕೆ ಒಂದು ಸಾಲು ಎಣಿಸಿದಾಗ 18 ಬೀಜಾಣುಗಳು ಸಿಕ್ಕವು ಎನ್ನೋಣ. ಎಣಿಸಿದ ಭಾಗವು 0.45 ÷ 2 = 0.225. ಆ ಗಂಟೆಯ ಒಟ್ಟು ಬೀಜಾಣುಗಳು 18 ÷ 0.225 = 80. ಒಂದು ಘನ ಮೀಟರ್ ಗಾಳಿಗೆ 80 ÷ 0.6 = ಸುಮಾರು 133.

ಈಗ ಸೋರಿಕೆಯಿಂದಾಗಿ ಕಿಂಡಿಯ ಮೂಲಕ ಬಂದ ಗಾಳಿ ನಿಮಿಷಕ್ಕೆ 6 ಲೀಟರ್ ಮಾತ್ರ ಆಗಿತ್ತೆಂದುಕೊಳ್ಳಿ. ಆಗ ಗಂಟೆಗೆ 0.36 ಘನ ಮೀಟರ್, ನಿಜವಾದ ಪ್ರಮಾಣ 80 ÷ 0.36 = ಸುಮಾರು 222. ಪರೀಕ್ಷಿಸದ ಉಪಕರಣ 133 ಎಂದು ಹೇಳುವಾಗ ತೋಟದ ಗಾಳಿಯಲ್ಲಿ 222 ಇತ್ತು. ಬಡಿಯದೆ ಪಾರಾದ ಬೀಜಾಣುಗಳನ್ನು ಸೇರಿಸಿದರೆ ಅಂತರ ಇನ್ನೂ ಹೆಚ್ಚು.

ಎಣಿಸುವವರ ಪರೀಕ್ಷೆಯೂ ಅಷ್ಟೇ ಅವಶ್ಯಕ. ಒಂದೇ ಸ್ಲೈಡನ್ನು ಇಬ್ಬರು, ಒಬ್ಬರ ಅಂಕಿ ಮತ್ತೊಬ್ಬರಿಗೆ ತಿಳಿಯದಂತೆ ಎಣಿಸಬೇಕು. ಹೆಸರು ಗುರುತಿಸುವಲ್ಲಿ ಭಿನ್ನಾಭಿಪ್ರಾಯ ಬಂದರೆ ಸಸ್ಯರೋಗ ತಜ್ಞರಿಗೆ ತೋರಿಸಿರಿ.

ಎರಡು ಉಪಕರಣಗಳ ಜೋಡಿ ಪರೀಕ್ಷೆ

ಹಂಗಾಮು ಆರಂಭವಾಗುವ ಮೊದಲು ಎರಡು ಉಪಕರಣಗಳನ್ನು ಒಂದೇ ಎತ್ತರದಲ್ಲಿ, ಒಂದು ಇನ್ನೊಂದರ ಗಾಳಿಗೆ ಅಡ್ಡ ಬಾರದಂತೆ ಕೆಲವು ಅಡಿಗಳ ಅಂತರದಲ್ಲಿ ಒಂದು ವಾರ ಓಡಿಸಿರಿ. ವಾರದ ಮಧ್ಯದಲ್ಲಿ ಸ್ಥಳಗಳನ್ನು ಅದಲು ಬದಲು ಮಾಡಿರಿ. ಅಂಕಿಗಳು ಪೂರ್ತಿ ಒಂದೇ ಆಗಬೇಕೆಂದು ನಿರೀಕ್ಷಿಸಬಾರದು. ಎಣಿಕೆಯಲ್ಲಿ ಸಹಜವಾದ ಏರಿಳಿತ ಇರುತ್ತದೆ. ಸರಳ ನಿಯಮ ಹೀಗಿದೆ: ಎರಡೂ ಎಣಿಕೆಗಳನ್ನು ಕೂಡಿಸಿ ಅದರ ವರ್ಗಮೂಲವನ್ನು ಕಂಡುಹಿಡಿಯಿರಿ, ಎಣಿಕೆಗಳ ವ್ಯತ್ಯಾಸವು ಆ ವರ್ಗಮೂಲದ ಎರಡರಷ್ಟನ್ನು ಮೀರಿದರೆ ಮಾತ್ರ ಅನುಮಾನಿಸಿರಿ. ಒಂದರಲ್ಲಿ 25, ಇನ್ನೊಂದರಲ್ಲಿ 31 ಬಂದರೆ ಮೊತ್ತ 56, ವರ್ಗಮೂಲ ಸುಮಾರು 7.5, ಅದರ ಎರಡರಷ್ಟು 15. ವ್ಯತ್ಯಾಸ 6 ಮಾತ್ರ, ಆದ್ದರಿಂದ ಚಿಂತೆಯಿಲ್ಲ. 100 ಮತ್ತು 160 ಬಂದರೆ ಮೊತ್ತ 260, ವರ್ಗಮೂಲ ಸುಮಾರು 16, ಎರಡರಷ್ಟು 32. ವ್ಯತ್ಯಾಸ 60 ಇರುವುದರಿಂದ ಒಂದರಲ್ಲಿ ದೋಷವಿರುವ ಸಾಧ್ಯತೆ ಹೆಚ್ಚು. ಈ ನಿಯಮವನ್ನು ಸ್ಲೈಡಿನಲ್ಲಿ ಎಣಿಸಿದ ಮೂಲ ಅಂಕಿಗಳಿಗೆ ಮಾತ್ರ ಅನ್ವಯಿಸಬೇಕು. ಘನ ಮೀಟರಿಗೆ ಪರಿವರ್ತಿಸಿದ ಅಂಕಿಗಳಿಗೆ ಅನ್ವಯಿಸಬಾರದು.

ಲೇಸರ್ ಕಣಮಾಪಕದ ಪರೀಕ್ಷೆಗಳು

1. ಸೊನ್ನೆಯ ಪರೀಕ್ಷೆ: ಮುಚ್ಚಿದ ಪೆಟ್ಟಿಗೆಯೊಳಗೆ ಮಾಪಕವನ್ನಿಟ್ಟು, ಹೆಪಾ ಶೋಧಕದ ಮೂಲಕ ಬಂದ ಗಾಳಿಯನ್ನು ಮಾತ್ರ ಒಳಗೆ ಬಿಡಿರಿ. ಹೆಪಾ ಶೋಧಕವು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯುತ್ತದೆ. ಸ್ವಲ್ಪ ಸಮಯದ ನಂತರ ಅಂಕಿಯು ಸೊನ್ನೆಯ ಸಮೀಪ ಬರಬೇಕು. ಬಾರದಿದ್ದರೆ ಪೆಟ್ಟಿಗೆ ಸೋರುತ್ತಿದೆ ಅಥವಾ ಮಾಪಕದ ಒಳಗೆ ಧೂಳು ಕುಳಿತಿದೆ.

2. ಏರಿಕೆಯ ಪರೀಕ್ಷೆ: ಮುಚ್ಚಿದ ಕೋಣೆಯಲ್ಲಿ ಎರಡು ಮಾಪಕಗಳನ್ನಿಟ್ಟು ಒಂದು ಊದಿನಕಡ್ಡಿ ಹೊತ್ತಿಸಿರಿ. ಎರಡೂ ಒಟ್ಟಿಗೆ ಏರಿ, ಕಿಟಕಿ ತೆರೆದಾಗ ಒಟ್ಟಿಗೆ ಇಳಿಯಬೇಕು. ಊದಿನಕಡ್ಡಿಯ ಹೊಗೆಯ ಕಣಗಳು ಬಹುಪಾಲು 1 ಮೈಕ್ರಾನಿಗಿಂತ ಚಿಕ್ಕವು. ಆದ್ದರಿಂದ ಈ ಪರೀಕ್ಷೆಯಲ್ಲಿ ಉತ್ತೀರ್ಣವಾದ ಮಾಪಕ ಹೊಟ್ಟು, ಮೇವು ಮತ್ತು ಕೋಳಿಪುಕ್ಕದ ದಪ್ಪ ಧೂಳನ್ನೂ ಸರಿಯಾಗಿ ಅಳೆಯುತ್ತದೆ ಎಂದು ಭಾವಿಸಬಾರದು. ಅಗ್ಗದ ಮಾಪಕಗಳು ದಪ್ಪ ಕಣಗಳನ್ನು ಬಹಳ ಕಡಿಮೆ ಎಣಿಸುತ್ತವೆ.

3. ತೇವಾಂಶದ ಪರಿಣಾಮ: ಸಾಪೇಕ್ಷ ಆರ್ದ್ರತೆ ಶೇ. 80 ಮೀರಿದಾಗ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಮಂಜಿನ ಹನಿಗಳೂ ಕಣಗಳೆಂದೇ ಲೆಕ್ಕಕ್ಕೆ ಬರುತ್ತವೆ. ಮಲೆನಾಡಿನ ಮಂಜು ಮುಸುಕಿದ ಬೆಳಗಿನಲ್ಲಿ ಅಂಕಿ ಏರಿದ್ದನ್ನು ಧೂಳು ಅಥವಾ ಬೀಜಾಣುಗಳ ಏರಿಕೆ ಎಂದು ತಿಳಿಯಬಾರದು. ಮಾಪಕದ ಪಕ್ಕದಲ್ಲಿ ಆರ್ದ್ರತಾಮಾಪಕವನ್ನೂ ಇಡಿರಿ.

2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಲ್ಲಿ 24 ಗಂಟೆಗಳ ಸರಾಸರಿ ಮಿತಿಯು ಪಿಎಂ 2.5ಕ್ಕೆ ಘನ ಮೀಟರಿಗೆ 60 ಮೈಕ್ರೋಗ್ರಾಂ, ಪಿಎಂ 10ಕ್ಕೆ 100 ಮೈಕ್ರೋಗ್ರಾಂ ಆಗಿದೆ. ಇದು ಹೊರಗಿನ ಗಾಳಿಗೆ ಸಂಬಂಧಿಸಿದ್ದು, ಕೋಳಿಮನೆ ಅಥವಾ ಗಿರಣಿಯ ಒಳಗಿನ ಗಾಳಿಗೆ ಅಲ್ಲ. ಮಾಪಕದ ಅಂಕಿ ಎಷ್ಟೇ ಇರಲಿ, ಧೂಳಿನಲ್ಲಿ ಕೆಲಸ ಮಾಡುವಾಗ ಮುಖಕ್ಕೆ ಸರಿಯಾಗಿ ಹೊಂದುವ ಮುಖಗವಸು ಧರಿಸಿರಿ.

ಪರೀಕ್ಷೆಗಳ ವೇಳಾಪಟ್ಟಿ

• ಪ್ರತಿ ದಿನ: ಕಿಂಡಿ, ಜೇಡರ ಬಲೆ, ತಲೆಯ ತಿರುಗುವಿಕೆ, ಬ್ಯಾಟರಿ, ಗಂಟೆಮಾಪಕದ ಅಂಕಿ.

• ಪಟ್ಟಿ ಬದಲಿಸುವಾಗಲೆಲ್ಲ: ಹಾಕಿದ ನಂತರ ಮತ್ತು ತೆಗೆಯುವ ಮೊದಲು ಗಾಳಿಯ ಹರಿವು, ಪಟ್ಟಿಯ ಆರಂಭ ಹಾಗೂ ಅಂತ್ಯದ ಗೆರೆಗಳು, ತಿರುಗು ಕಡ್ಡಿಯಾದರೆ ಸುತ್ತುಗಳು.

• ತಿಂಗಳಿಗೊಮ್ಮೆ: ಊದಿನಕಡ್ಡಿಯ ಸೋರಿಕೆ ಪರೀಕ್ಷೆ, ಖಾಲಿ ಸ್ಲೈಡ್, ಪರಾಗ ಪರೀಕ್ಷೆ, ಲೇಸರ್ ಮಾಪಕದ ಸೊನ್ನೆಯ ಪರೀಕ್ಷೆ.

• ಹಂಗಾಮಿನ ಮೊದಲು: ಜೋಡಿ ಪರೀಕ್ಷೆ, ರಬ್ಬರ್ ಪಟ್ಟಿ ಹಾಗೂ ಬೇರಿಂಗ್ ಪರಿಶೀಲನೆ, ರೋಟಾಮೀಟರಿನ ಹೋಲಿಕೆ.

ಪರೀಕ್ಷೆಯಲ್ಲಿ ದೋಷ ಕಂಡುಬಂದರೆ

ದಾಖಲೆ ಪುಸ್ತಕದಲ್ಲಿ ‘ಸೊನ್ನೆ’ ಮತ್ತು ‘ಮಾಹಿತಿ ಇಲ್ಲ’ ಎಂಬ ಎರಡನ್ನು ಪ್ರತ್ಯೇಕವಾಗಿ ಬರೆಯಿರಿ. ದೋಷ ಕಂಡ ದಿನದಿಂದ ಹಿಂದಕ್ಕೆ, ಕೊನೆಯ ಬಾರಿ ಪರೀಕ್ಷೆ ಸರಿಯಾಗಿದ್ದ ದಿನದವರೆಗಿನ ಎಲ್ಲ ಅಂಕಿಗಳನ್ನೂ ಸಂಶಯಾಸ್ಪದ ಎಂದು ಗುರುತಿಸಬೇಕು. ಆ ಅವಧಿಯಲ್ಲಿ ಸಿಂಪರಣೆಯ ನಿರ್ಧಾರವನ್ನು ಉಪಕರಣದ ಮೇಲೆ ಬಿಡದೆ ಹವಾಮಾನ ಮತ್ತು ಬೆಳೆಯ ಹಂತವನ್ನು ನೋಡಿ ಕೈಗೊಳ್ಳಿರಿ. ದ್ರಾಕ್ಷಿಯಲ್ಲಿ ಮಳೆ, ಇಬ್ಬನಿ ಮತ್ತು ಎಲೆಯ ತೇವವನ್ನು ಗಮನಿಸಿ. ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಹಚ್ಚಿದಂತಹ ಹಳದಿ ಮಚ್ಚೆ, ಕೆಳಭಾಗದಲ್ಲಿ ಬಿಳಿ ಬೂಜು ಇದೆಯೇ ಎಂದು ಪ್ರತಿ ದಿನ ಸಾಲು ಸಾಲಾಗಿ ನೋಡಿರಿ. ವಿಸ್ತರಣಾ ಕಾರ್ಯಕರ್ತರು ಹಲವು ಗ್ರಾಮಗಳಿಗೆ ಒಂದೇ ಉಪಕರಣದ ಆಧಾರದ ಮೇಲೆ ಸಲಹೆ ನೀಡುವಾಗ, ಸಲಹೆಯ ಜೊತೆಗೆ ಆ ವಾರದ ಹರಿವಿನ ಅಳತೆ ಮತ್ತು ಪಂಪು ಓಡಿದ ಗಂಟೆಗಳನ್ನೂ ತಿಳಿಸುವುದು ಒಳ್ಳೆಯದು. ಒಂದು ಕೆಟ್ಟ ಪಂಪಿನ ಸೊನ್ನೆಯು ನೂರಾರು ರೈತರ ಸಿಂಪರಣೆಯನ್ನು ತಪ್ಪಿಸಬಲ್ಲದು.

ಹೊಸ ಉಪಕರಣ ಕೊಳ್ಳುವಾಗ ಮಾರಾಟಗಾರರನ್ನು ಈ ಪ್ರಶ್ನೆಗಳನ್ನು ಕೇಳಿರಿ: ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ? ಅದನ್ನು ಹೊಲದಲ್ಲಿ ಅಳೆಯುವುದು ಹೇಗೆ? ವಿದ್ಯುತ್ ನಿಂತಾಗ ಅದು ದಾಖಲಾಗುತ್ತದೆಯೇ? ಬೀಜಾಣುವನ್ನು ಗುರುತಿಸುತ್ತದೆಯೋ, ಕೇವಲ ಕಣ ಎಣಿಸುತ್ತದೆಯೋ? ರಬ್ಬರ್ ಪಟ್ಟಿ, ಬೇರಿಂಗ್ ಮುಂತಾದ ಬಿಡಿಭಾಗಗಳು ಸಿಗುತ್ತವೆಯೇ? ಇವುಗಳಿಗೆ ಸ್ಪಷ್ಟ ಉತ್ತರ ದೊರೆಯದಿದ್ದರೆ ಖರೀದಿಯನ್ನು ಮುಂದೂಡುವುದು ಲೇಸು.

ಸ್ಲೈಡಿನಲ್ಲಿ ಕಂಡ ಬೀಜಾಣುಗಳನ್ನು ಗುರುತಿಸಲು ಹಾಗೂ ಸಿಂಪರಣೆಯ ನಿರ್ಧಾರ ಕೈಗೊಳ್ಳಲು ನಿಮ್ಮ ಸಮೀಪದ ಕೃಷಿ ವಿಜ್ಞಾನ ಕೇಂದ್ರದ ಸಸ್ಯಸಂರಕ್ಷಣಾ ತಜ್ಞರನ್ನು ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ. ಹೋಗುವಾಗ ಸ್ಲೈಡಿನ ಜೊತೆಗೆ ಉಪಕರಣದ ದಾಖಲೆ ಪುಸ್ತಕವನ್ನೂ ತಪ್ಪದೇ ಒಯ್ಯಿರಿ.